ಸಾಲ ಕೇಳ್ಲಿಕ್ಕೆ ಹೋಗುವ ಮೊದ್ಲು ನಿಮ್ಮ ಕ್ರೆಡಿಟ್ ರಿಪೋರ್ಟ್ ನೀವೇ ತೆಗ್ದು ನೋಡಿ: ಕಾಸರಗೋಡಿನ ಕಡೆಯವರಿಗೆ ಒಂದು ಮಾರ್ಗದರ್ಶಿ

ಕಳೆದ ಮಳೆಗಾಲಕ್ಕೆ ಮೊದ್ಲು ನಮ್ಮ ಭಾವ ಮನೆಯ ಮಾಡು ರಿಪೇರಿ ಮಾಡ್ಬೇಕು ಅಂತ ಹೊರಟ್ರು. ಪೆರ್ಲದಿಂದ ಸ್ವಲ್ಪ ಒಳಗೆ ಅವರ ಮನೆ, ಹಳೇ ಹಂಚಿನ ಮನೆ, ಪಕ್ಕಾಸು ರೀಪು ಎಲ್ಲಾ ಗೆದ್ದಲು ಹಿಡ್ದು ಹೋಗಿತ್ತು. ಬ್ಯಾಂಕಲ್ಲಿ ಹೇಗೂ ಸಾಲ ಸಿಗ್ತದೆ, ಅಷ್ಟು ವರ್ಷದ ಅಕೌಂಟು, ಮ್ಯಾನೇಜರೂ ಪರಿಚಯ ಅಂತ ಧೈರ್ಯದಲ್ಲಿ ಹಂಚು ಇಳಿಸಿ, ಆಚಾರಿಗೆ ಅಡ್ವಾನ್ಸ್ ಕೊಟ್ಟು, ಎಲ್ಲಾ ಆದ ಮೇಲೆ ಬ್ಯಾಂಕಿಗೆ ಹೋದ್ರು. ಅಲ್ಲಿ ಕಂಪ್ಯೂಟರ್ ನೋಡಿ "ನಿಮ್ಮ ಸಿಬಿಲ್ ಸರಿ ಇಲ್ಲ, ಈಗ ಆಗ್ಲಿಕ್ಕಿಲ್ಲ" ಅಂತ ಹೇಳಿ ಕಳಿಸಿದ್ರು. ಜೂನ್ ಹತ್ರ ಬಂತು, ಮಾಡಿನ ಮೇಲೆ ಟಾರ್ಪಾಲ್. ಅಕ್ಕ ಫೋನಲ್ಲಿ ಅತ್ತದ್ದು ಇನ್ನೂ ನನ್ನ ಕಿವಿಯಲ್ಲುಂಟು.

ಆವತ್ತು ರಾತ್ರಿ ಭಾವನನ್ನು ಕೂರಿಸಿ ಅವರ ಕ್ರೆಡಿಟ್ ರಿಪೋರ್ಟ್ ತೆಗ್ದೆ, ಅಂದ್ರೆ ಯಾವ ಸಾಲ ತೆಗ್ದಿದ್ದಾರೆ, ಕಂತು ಹೇಗೆ ಕಟ್ಟಿದ್ದಾರೆ ಅನ್ನುವ ಲೆಕ್ಕ. ಎರಡು ವಿಷಯ ಸಿಕ್ಕಿತು. ಒಂದು, ವಾಷಿಂಗ್ ಮೆಷಿನ್ ಕಂತಲ್ಲಿ ತೆಗ್ದದ್ದು, ಕಂತು ಪೂರ್ತಿ ಕಟ್ಟಿ ಮುಗ್ಸಿ ಎರಡು ವರ್ಷ ಆಗಿದೆ, ಆದ್ರೆ ರಿಪೋರ್ಟಲ್ಲಿ ಇನ್ನೂ ಬಾಕಿ ಅಂತ ತೋರಿಸ್ತಾ ಇತ್ತು. ಇನ್ನೊಂದು ದೋಸ್ತಿಯ ವೆಹಿಕಲ್ ಲೋನಿಗೆ ಹಾಕಿದ ಜಾಮೀನು. ಆ ದೋಸ್ತಿ ಗಲ್ಫಿಗೆ ಹೋಗಿ ಮೂರು ಕಂತು ತಪ್ಪಿಸಿದ್ದ, ಭಾವನಿಗೆ ಅದರ ಸುದ್ದಿಯೇ ಇಲ್ಲ. ಎರಡೂ ಸರಿ ಮಾಡ್ಲಿಕ್ಕೆ ಆಗುವಂಥದ್ದೇ. ಆದ್ರೆ ಅದಕ್ಕೆ ಸಮಯ ಬೇಕು, ಅವರ ಹತ್ರ ಇಲ್ಲದ್ದು ಅದೊಂದೇ. ಮೂರು ತಿಂಗಳು ಮೊದ್ಲು ನೋಡಿದ್ರೆ ಹಂಚು ಇಳಿಸುವ ಮೊದ್ಲೇ ಎಲ್ಲಾ ಸರಿ ಆಗ್ತಿತ್ತು.

ಆಮೇಲೆ ಸಂಬಂಧಿಕರದ್ದು, ನೆರೆಕರೆಯವರದ್ದು ಅಂತ ಸುಮಾರು ಜನರ ರಿಪೋರ್ಟ್ ತೆಗ್ದು ಕೊಟ್ಟಿದ್ದೇನೆ. ಎಲ್ಲರೂ ಮೊದ್ಲು ಕೇಳುದು ಸ್ಕೋರ್, ಅಂದ್ರೆ ಆ ಲೆಕ್ಕ ನೋಡಿ ಕೊಡುವ ನಂಬರ್, ಎಷ್ಟು ಅಂತ. ನಾನು ಹೇಳುದು ಸ್ಕೋರ್ ಆಮೇಲೆ ನೋಡುವ, ಮೊದ್ಲು ಒಳಗೆ ಏನು ಬರ್ದಿದ್ದಾರೆ ಅಂತ ಓದುವ. ಸ್ಕೋರ್ ಅಂದ್ರೆ ಜ್ವರದ ಡಿಗ್ರಿ ಇದ್ದ ಹಾಗೆ, ಜ್ವರ ಯಾಕೆ ಬಂತು ಅಂತ ಗೊತ್ತಾಗ್ಬೇಕಾದ್ರೆ ರಿಪೋರ್ಟ್ ಓದ್ಬೇಕು.

ಮೊದ್ಲು ಇದು ಎಂಥದ್ದು ಅಂತ

ನಾವೆಲ್ಲ ಸಿಬಿಲ್ ಸಿಬಿಲ್ ಅಂತ ಹೇಳುದು, ಆದ್ರೆ ಸಿಬಿಲ್ ಅಂದ್ರೆ ಒಂದು ಕಂಪೆನಿಯ ಹೆಸರು. 2000ದಲ್ಲಿ ಶುರು ಆದದ್ದು, ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್. ಇದೇ ಕೆಲಸ ಮಾಡುವ ಇನ್ನೂ ಮೂರು ಕಂಪೆನಿ ಉಂಟು: ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. 2005ರ ಕಾಯ್ದೆ ಪ್ರಕಾರ ರಿಸರ್ವ್ ಬ್ಯಾಂಕ್ ಲೈಸೆನ್ಸ್ ಕೊಟ್ಟದ್ದು ಈ ನಾಲ್ಕಕ್ಕೆ. ನಿಮಗೆ ಸಾಲ ಕೊಟ್ಟ ಬ್ಯಾಂಕು, ಫೈನಾನ್ಸ್ ಕಂಪೆನಿ, ಕ್ರೆಡಿಟ್ ಕಾರ್ಡಿನವರು ನೀವು ಯಾವ ತಿಂಗಳು ಕಟ್ಟಿದ್ರಿ, ಯಾವ ತಿಂಗಳು ತಪ್ಪಿಸಿದ್ರಿ ಅಂತ ಇವರಿಗೆ ಕಳಿಸ್ತಾರೆ. 2025ರ ಜನವರಿ 1ರಿಂದ ಕನಿಷ್ಠ 15 ದಿನಕ್ಕೊಮ್ಮೆ ಕಳಿಸ್ಬೇಕು ಅಂತ ರೂಲ್ ಬಂತು, ಮೊದ್ಲೆಲ್ಲ ತಿಂಗಳಿಗೊಮ್ಮೆ ಇತ್ತು. ಸ್ಕೋರ್ 300ರಿಂದ 900ರ ಒಳಗೆ ಇರ್ತದೆ, ಸಾಮಾನ್ಯವಾಗಿ 750ರ ಮೇಲೆ ಇದ್ರೆ ಬ್ಯಾಂಕಿನವರು ಖುಷಿಯಲ್ಲಿ ಮಾತಾಡ್ತಾರೆ. ನಾಲ್ಕು ಕಂಪೆನಿಯಲ್ಲಿ ನಾಲ್ಕು ಸ್ಕೋರ್ ಬಂದ್ರೆ ಗಾಬರಿ ಬೇಡ, ಒಬ್ಬೊಬ್ಬರ ಲೆಕ್ಕ ಒಂದೊಂದು ತರ.

ಇನ್ನೊಂದು ಹೆದರಿಕೆ ತುಂಬ ಜನರಿಗೆ ಉಂಟು, ನೋಡಿದ್ರೆ ಸ್ಕೋರ್ ಕಡಿಮೆ ಆಗ್ತದೆ ಅಂತ. ನಿಮ್ಮದನ್ನು ನೀವು ನೋಡಿದ್ರೆ ಒಂದು ಪಾಯಿಂಟ್ ಕೂಡ ಕಡಿಮೆ ಆಗುದಿಲ್ಲ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ತೆಗ್ದು ನೋಡ್ತಾರಲ್ಲ, ಅದು ಮಾತ್ರ ಎನ್‌ಕ್ವೈರಿ ಅಂತ ಬರ್ದು ಇರ್ತದೆ, ಒಂದೇ ತಿಂಗಳಲ್ಲಿ ನಾಲ್ಕೈದು ಕಡೆ ಅರ್ಜಿ ಹಾಕಿದ್ರೆ ಇವನಿಗೆ ಹಣದ ಅವಸರ ಉಂಟು ಅಂತ ಅದು ಸ್ಕೋರಿಗೆ ತಾಗ್ತದೆ.

ಕೂರುವ ಮೊದ್ಲು ಇಷ್ಟು ಹತ್ರ ಇಟ್ಕೊಳ್ಳಿ

ಪಾನ್ ಕಾರ್ಡ್, ಇಮೇಲ್, ಮತ್ತೆ ಬ್ಯಾಂಕಲ್ಲಿ ಕೊಟ್ಟ ಮೊಬೈಲ್ ನಂಬರ್ ಇರುವ ಫೋನ್. ಈ ನಂಬರಿನದ್ದೇ ನಮ್ಮ ಕಡೆ ದೊಡ್ಡ ತಲೆನೋವು. ಗಲ್ಫಲ್ಲಿ ಇರುವವರು ಊರಿನ ಸಿಮ್ ಡ್ರಾಯರಲ್ಲಿ ಹಾಕಿ ಹೋಗ್ತಾರೆ, 90 ದಿನ ಏನೂ ಬಳಕೆ ಇಲ್ಲದಿದ್ರೆ, ಬ್ಯಾಲೆನ್ಸೂ ಇಲ್ಲದಿದ್ರೆ ಸಿಮ್ ಕಟ್ ಆಗ್ತದೆ, ಆಮೇಲೆ ಆ ನಂಬರ್ ಬೇರೆ ಯಾರಿಗೋ ಹೋಗ್ತದೆ. ಒಟಿಪಿಯೂ ಅವರಿಗೇ ಹೋಗ್ತದೆ. ಹಾಗಾಗಿ ಊರಿಗೆ ಬಂದಾಗ ಮೊದ್ಲು ಬ್ಯಾಂಕಿಗೆ ಹೋಗಿ ಈಗಿನ ನಂಬರ್ ಹಾಕಿಸಿ, ಅದು ರಿಪೋರ್ಟಲ್ಲಿ ಅಪ್‌ಡೇಟ್ ಆಗ್ಲಿಕ್ಕೆ ಸ್ವಲ್ಪ ದಿನ ಕೊಟ್ಟು ಆಮೇಲೆ ಪ್ರಯತ್ನ ಮಾಡಿ. ರಿಪೋರ್ಟಲ್ಲಿ ಇಲ್ಲದ ನಂಬರ್ ಹಾಕಿದ್ರೆ ವೆರಿಫಿಕೇಶನಲ್ಲಿ ಸಿಕ್ಕಿಕೊಳ್ಳುದೇ ಜಾಸ್ತಿ.

ಎರಡನೇದು ಹೆಸರು. ಇದನ್ನು ನಾನು ಸ್ವಲ್ಪ ಉದ್ದ ಹೇಳ್ತೇನೆ, ಯಾಕಂದ್ರೆ ಘಟ್ಟದ ಮೇಲಿನವರಿಗೆ ಈ ತೊಂದರೆ ಇಷ್ಟು ಇಲ್ಲ. ನಮ್ಮಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಇನಿಶಿಯಲ್ ಇರ್ತದೆ, ಅದು ಅಪ್ಪನ ಹೆಸರೋ ಮನೆ ಹೆಸರೋ ಅಂತ ಮಕ್ಕಳಿಗೇ ಕೆಲವೊಮ್ಮೆ ಗೊತ್ತಿರುದಿಲ್ಲ. ಪಾನ್ ಕಾರ್ಡ್ ಮಾಡುವಾಗ ಬರೀ ಇನಿಶಿಯಲ್ ತಗೊಳ್ಳುದಿಲ್ಲ, ಬಿಡಿಸಿ ಬರೀಬೇಕು, ಆಗ ಮನೆ ಹೆಸರು ಹೋಗಿ ಸರ್‌ನೇಮ್ ಆಗಿ ಕೂತ್ಕೊಳ್ತದೆ. ಬ್ಯಾಂಕಿನ ಪಾಸ್‌ಬುಕ್ಕಲ್ಲಿ ಬರೀ ಇನಿಶಿಯಲ್. ಇನ್ನು ಕೇರಳದ ಆಫೀಸುಗಳಲ್ಲಿ ಮಲಯಾಳದಲ್ಲಿ ಬರ್ದ ಹೆಸರನ್ನು ಇಂಗ್ಲಿಷಿಗೆ ತಂದಾಗ ಸ್ಪೆಲ್ಲಿಂಗ್ ಬೇರೆಯೇ ಆಗ್ತದೆ, ಭಟ್ ಅನ್ನುದಕ್ಕೆ ಒಂದು ಕಡೆ ಒಂದು ಟಿ, ಇನ್ನೊಂದು ಕಡೆ ಎರಡು ಟಿ, ವೆಂಕಟ್ರಮಣ ಒಂದು ಕಡೆ ವೆಂಕಟರಮಣನ್. ಪುತ್ತೂರಲ್ಲೋ ವಿಟ್ಲದಲ್ಲೋ ಒಂದು ಅಕೌಂಟ್, ಬದಿಯಡ್ಕದಲ್ಲಿ ಒಂದು, ಎರಡರಲ್ಲಿ ಎರಡು ತರ. ಇದ್ರಿಂದ ಒಬ್ಬನ ಸಾಲ ಎರಡು ರಿಪೋರ್ಟಾಗಿ ಒಡೆದು ಹೋಗುದೂ ಉಂಟು, ಬೇರೆಯವನ ಸಾಲ ನಿಮ್ಮ ತಲೆ ಮೇಲೆ ಬರುದೂ ಉಂಟು. ಹಾಗಾಗಿ ಫಾರ್ಮಲ್ಲಿ ಹೆಸರು ಹಾಕುವಾಗ ಪಾನ್ ಕಾರ್ಡಲ್ಲಿ ಹೇಗುಂಟೋ ಹಾಗೇ, ಒಂದು ಅಕ್ಷರ ಬದಲಿಸದೆ ಹಾಕಿ. ಹುಟ್ಟಿದ ತಾರೀಕೂ ಹಾಗೇ, ಶಾಲೆಯಲ್ಲಿ ಕೊಟ್ಟ ತಾರೀಕು ಬೇರೆ ಇದ್ರೂ ಇಲ್ಲಿ ಪಾನಿನದ್ದೇ.

ಈಗ ರಿಪೋರ್ಟ್ ತೆಗಿಯುದು

ನಾಲ್ಕೂ ಕಂಪೆನಿಯವರು ವರ್ಷಕ್ಕೊಮ್ಮೆ ಸ್ಕೋರ್ ಸಮೇತ ಪೂರ್ತಿ ರಿಪೋರ್ಟ್ ಫ್ರೀ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ 2016ರಲ್ಲಿ ಹೇಳಿದೆ, 2017ರಿಂದ ಜಾರಿಯಲ್ಲುಂಟು. ವರ್ಷ ಅಂದ್ರೆ ಜನವರಿಯಿಂದ ಡಿಸೆಂಬರ್.

ಬ್ರೌಸರಲ್ಲಿ ಸಿಬಿಲ್ ಡಾಟ್ ಕಾಮ್ ಅಂತ ನೀವೇ ಟೈಪ್ ಮಾಡಿ ಹೋಗಿ. ಗೂಗಲಲ್ಲಿ ಹುಡುಕಿ ಮೇಲೆ ಬಂದದ್ದನ್ನು ಒತ್ತಬೇಡಿ, ಮೇಲೆ ಬರುದು ಹೆಚ್ಚಾಗಿ ಜಾಹೀರಾತು. ಅಲ್ಲಿ ಫ್ರೀ ಸ್ಕೋರ್ ಅಂತ ಇರುವ ಲಿಂಕ್ ಒತ್ತಿ. ಇಮೇಲ್, ಪಾಸ್‌ವರ್ಡ್, ಹೆಸರು, ಯಾವ ಗುರುತು ಚೀಟಿ ಅಂತ ಕೇಳ್ತದೆ, ಪಾನ್ ಆರಿಸಿ ನಂಬರ್ ಹಾಕಿ, ಹುಟ್ಟಿದ ತಾರೀಕು, ಪಿನ್‌ಕೋಡ್, ಮೊಬೈಲ್. ಒಟಿಪಿ ಬರ್ತದೆ, ಹಾಕಿ. ಮಧ್ಯದಲ್ಲಿ ಹಣ ಕಟ್ಟುವ ಪ್ಲಾನುಗಳ ಪುಟ ಬರ್ತದೆ, ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು ಅಂತ ದೊಡ್ಡ ಬಟನ್ ಇರ್ತದೆ, ಬೇಡ ಅನ್ನುವ ಲಿಂಕ್ ಚಿಕ್ಕ ಅಕ್ಷರದಲ್ಲಿರ್ತದೆ. ತಾಳ್ಮೆಯಲ್ಲಿ ಅದನ್ನು ಹುಡುಕಿ ಒತ್ತಿ, ನಮ್ಮ ನೆರೆಮನೆಯವರು ಇದು ಕಟ್ಟದಿದ್ರೆ ಸಿಗುದಿಲ್ಲ ಅಂತ ಗ್ರಹಿಸಿ ಒಂದು ವರ್ಷದ ಹಣ ಕಟ್ಟಿದ್ರು. ಆಮೇಲೆ ಡ್ಯಾಶ್‌ಬೋರ್ಡ್ ತೆರಿತದೆ. ಸ್ಕೋರ್ ನೋಡಿ ಮುಚ್ಚಬೇಡಿ, ಪೂರ್ತಿ ರಿಪೋರ್ಟ್ ತೆರ್ದು ಪಿಡಿಎಫ್ ಮಾಡಿ ಇಟ್ಕೊಳ್ಳಿ, ಅದರಲ್ಲಿ ಕಂಟ್ರೋಲ್ ನಂಬರ್ ಅಂತ ಒಂದು ಇರ್ತದೆ, ಮುಂದೆ ತಪ್ಪು ಸರಿ ಮಾಡಿಸುವಾಗ ಅದು ಬೇಕಾಗ್ತದೆ.

ಉಳಿದ ಮೂರದ್ದೂ ಸುಮಾರು ಹೀಗೇ. ಎಕ್ಸ್‌ಪೀರಿಯನ್ ಡಾಟ್ ಇನ್, ಈಕ್ವಿಫ್ಯಾಕ್ಸ್ ಡಾಟ್ ಕೊ ಡಾಟ್ ಇನ್, ಸಿಆರ್‌ಐಎಫ್ ಹೈಮಾರ್ಕ್ ಡಾಟ್ ಕಾಮ್. ಪೇಮೆಂಟ್ ಆಪುಗಳಲ್ಲೂ ಸ್ಕೋರ್ ತೋರಿಸ್ತಾರೆ, ಅಂದಾಜಿಗೆ ಸಾಕು, ಆದ್ರೆ ಕೆಲವು ಆಪಲ್ಲಿ ಒಪ್ಪಿಗೆ ಕೊಟ್ಟ ಮರುದಿನದಿಂದ ಸಾಲ ಬೇಕಾ ಸಾಲ ಬೇಕಾ ಅಂತ ಫೋನ್ ಶುರು ಆಗ್ತದೆ. ನನಗೆ ಕಂಪೆನಿಯ ಸ್ವಂತ ಸೈಟೇ ಇಷ್ಟ.

ಫೋನಲ್ಲಿ ಆಗದವರು ಅಕ್ಷಯ ಕೇಂದ್ರಕ್ಕೆ (ಕೇರಳದಲ್ಲಿ ಆನ್‌ಲೈನ್ ಕೆಲಸ ಮಾಡಿ ಕೊಡುವ ಕೇಂದ್ರ) ಹೋಗ್ತಾರೆ. ಹೋಗ್ಬಹುದು, ಆದ್ರೆ ಇಮೇಲ್ ನಿಮ್ಮದೇ ಕೊಡಿ, ಅಲ್ಲಿನವರದ್ದು ಹಾಕಿಸ್ಬೇಡಿ, ಪ್ರಿಂಟ್ ತಗೊಂಡು ಕಂಪ್ಯೂಟರಲ್ಲಿ ಉಳಿದ ಪಿಡಿಎಫ್ ಅಳಿಸಿ, ಲಾಗೌಟ್ ಆದದ್ದು ಕಣ್ಣಲ್ಲಿ ನೋಡಿ ಬನ್ನಿ. ನಿಮ್ಮ ಪಾನ್, ವಿಳಾಸ, ಸಾಲದ ಲೆಕ್ಕ ಎಲ್ಲಾ ಆ ಒಂದು ಫೈಲಲ್ಲುಂಟು.

ಎಟಿಎಂ ಪಿನ್, ಯುಪಿಐ ಪಿನ್, ಕಾರ್ಡಿನ ಹಿಂದಿನ ಮೂರು ನಂಬರ್, ಇದ್ಯಾವುದೂ ಫ್ರೀ ರಿಪೋರ್ಟಿಗೆ ಬೇಡ. ಕೇಳಿದ್ರೆ ಅದು ಮೋಸ, ಅಲ್ಲಿಗೇ ಬಿಡಿ. ಹಣ ಹೋಗಿಯೇ ಬಿಟ್ಟಿದ್ರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಓದುದು ಹೇಗೆ

ಮೊದಲ ಪುಟದಲ್ಲಿ ಹೆಸರು, ಪಾನ್, ಫೋನ್, ವಿಳಾಸಗಳು. ಹಳೇ ವಿಳಾಸ ನಾಲ್ಕು ಇದ್ರೂ, ಒಂದು ಕರ್ನಾಟಕದ್ದು ಒಂದು ಕೇರಳದ್ದು ಇದ್ರೂ ತೊಂದರೆ ಇಲ್ಲ. ನೀವು ಯಾವತ್ತೂ ಇಲ್ಲದ ಊರಿನ ವಿಳಾಸ, ನಿಮ್ಮದಲ್ಲದ ಪಾನ್ ಇದ್ರೆ ಮಾತ್ರ ಎಚ್ಚರ, ಬೇರೆಯವರ ಲೆಕ್ಕ ಸೇರಿದೆ ಅಂತ ಅರ್ಥ.

ಆಮೇಲೆ ಅಕೌಂಟುಗಳು, ಇಲ್ಲೇ ಸಮಯ ತಗೊಂಡು ಕೂರ್ಬೇಕು. ಒಂದೊಂದು ಸಾಲಕ್ಕೆ ಒಂದೊಂದು ಪೆಟ್ಟಿಗೆ ಇರ್ತದೆ. ನಮ್ಮ ಕಡೆ ಚಿನ್ನ ಅಡವು ಇಡದ ಮನೆ ಕಡಿಮೆ, ಹಾಗಾಗಿ ರಿಪೋರ್ಟ್ ನೋಡಿದ ಕೂಡ್ಲೆ ಗೋಲ್ಡ್ ಲೋನ್ ಹತ್ತು ಹದಿನೈದು ಕಂಡು ಹೌಹಾರ್ತಾರೆ. ಪ್ರತಿ ಸಲ ಅಡವು ಇಟ್ಟದ್ದು, ಪುದು ಮಾಡಿದ್ದು (ಅದನ್ನೇ ಹೊಸತು ಮಾಡಿ ಮುಂದುವರಿಸಿದ್ದು) ಬೇರೆ ಬೇರೆ ಅಕೌಂಟಾಗಿ ಬರ್ತದೆ, ಬಿಡಿಸಿದ್ದಕ್ಕೆಲ್ಲ ಕ್ಲೋಸ್ಡ್ ಅಂತ ಇದ್ರೆ ಸರಿ. ಆದ್ರೆ ಅವಧಿ ಮುಗ್ದ ಮೇಲೂ ಬಿಡಿಸದೆ ಪುದು ಮಾಡದೆ ಬಿಟ್ಟಿದ್ರೆ, ಚಿನ್ನ ಅವರ ಹತ್ರವೇ ಉಂಟಲ್ಲ ಅಂತ ಸುಮ್ನೆ ಕೂತ್ರೆ, ತಡವಾದ ದಿನ ಲೆಕ್ಕಕ್ಕೆ ಬರ್ತದೆ. ಕಿಸಾನ್ ಕ್ರೆಡಿಟ್ ಕಾರ್ಡೂ ಇದರಲ್ಲಿ ಬರ್ತದೆ. ಅಡಿಕೆಗೆ ರೇಟ್ ಬರ್ಲಿ ಅಂತ ಕಾಯುವಾಗ ಡ್ಯೂ ಡೇಟ್ ದಾಟ್ತದೆ, 3 ಲಕ್ಷದವರೆಗೆ ಹೊತ್ತಿಗೆ ಕಟ್ಟಿದವರಿಗೆ ಸಿಗುವ 3 ಪರ್ಸೆಂಟ್ ಬಡ್ಡಿ ರಿಯಾಯಿತಿ ಹೋಗಿ 4ರಲ್ಲಿ ಮುಗಿಯುದು 7 ಆಗ್ತದೆ, ಅದರ ಮೇಲೆ ರಿಪೋರ್ಟಲ್ಲೂ ಗುರುತು ಬೀಳ್ತದೆ.

ಪ್ರತಿ ಅಕೌಂಟಿನ ಕೆಳಗೆ ತಿಂಗಳು ತಿಂಗಳಿನ ಚಿಕ್ಕ ಚಿಕ್ಕ ಚೌಕ ಇರ್ತದೆ, ಮೂರು ವರ್ಷದವರೆಗಿನದ್ದು. ಅದರಲ್ಲಿ 000 ಇದ್ರೆ ಆ ತಿಂಗಳು ಹೊತ್ತಿಗೆ ಕಟ್ಟಿದ್ದೀರಿ. 030 ಇದ್ರೆ 30 ದಿನ ತಡ, 060 ಇದ್ರೆ 60 ದಿನ. 90 ದಿನ ದಾಟಿದ್ರೆ ಬ್ಯಾಂಕ್ ಅದನ್ನು ಕೆಟ್ಟ ಸಾಲದ ಲೆಕ್ಕಕ್ಕೆ ಹಾಕ್ತದೆ. ಎಕ್ಸ್ ಎಕ್ಸ್ ಎಕ್ಸ್ ಅಂತ ಇದ್ರೆ ಆ ತಿಂಗಳ ಮಾಹಿತಿ ಬ್ಯಾಂಕ್ ಕಳಿಸಿಲ್ಲ ಅಂತ, ಅದು ನಿಮ್ಮ ತಪ್ಪಲ್ಲ. ಭಾವನ ವಾಷಿಂಗ್ ಮೆಷಿನ್ ಸಾಲದಲ್ಲಿ ಕೊನೇ ಕಂತಿನವರೆಗೆ 000, ಆಮೇಲೆ ಏರ್ತಾ ಹೋದ ನಂಬರ್. ಅದನ್ನು ನೋಡಿಯೇ ಗೊತ್ತಾಯ್ತು, ಕ್ಲೋಸ್ ಮಾಡುವಾಗ ಯಾವುದೋ ಚಿಕ್ಕ ಚಾರ್ಜ್ ಉಳಿಸಿ ಬಿಟ್ಟಿದ್ದಾರೆ ಅಂತ.

ಸ್ಟೇಟಸಲ್ಲಿ ಸೆಟಲ್ಡ್ ಅಂತ ಇದ್ರೆ ಒಳ್ಳೇದು ಅಂತ ತುಂಬ ಜನ ಗ್ರಹಿಸ್ತಾರೆ. ಅಲ್ಲ. ಕೊಡ್ಬೇಕಾದ್ದಕ್ಕಿಂತ ಕಡಿಮೆ ಕೊಟ್ಟು ರಾಜಿಯಲ್ಲಿ ಮುಗ್ಸಿದ್ದೀರಿ ಅಂತ ಅದರ ಅರ್ಥ, ಮುಂದಿನ ಬ್ಯಾಂಕಿನವರು ಅದನ್ನು ನೋಡಿ ಮುಖ ಸಣ್ಣ ಮಾಡ್ತಾರೆ. ನಿಮಗೆ ಬೇಕಾದ್ದು ಕ್ಲೋಸ್ಡ್ ಅನ್ನುವ ಶಬ್ದ. ಫೋನ್ ಮಾಡಿ "ಅರ್ಧ ಕಟ್ಟಿ ಸಾಕು" ಅಂತ ಹೇಳುವವರಿಗೆ ಹೂಂ ಅನ್ನುವ ಮೊದ್ಲು ಇದು ನೆನಪಿರ್ಲಿ. ಮೊದ್ಲೇ ಸೆಟಲ್ ಆಗಿದ್ರೆ ಉಳಿದ ಹಣ ಕಟ್ಟಿ ಕ್ಲೋಸ್ಡ್ ಮಾಡಿ ಕೊಡ್ತೀರಾ ಅಂತ ಆ ಬ್ಯಾಂಕಲ್ಲಿ ಬರವಣಿಗೆಯಲ್ಲಿ ಕೇಳಿ.

ಜಾಮೀನಿನ ಬಗ್ಗೆ. ಅಕೌಂಟಿನ ಪೆಟ್ಟಿಗೆಯಲ್ಲಿ ಓನರ್‌ಶಿಪ್ ಅಂತ ಒಂದು ಸಾಲು ಉಂಟು. ಇಂಡಿವಿಜುವಲ್ ಅಂದ್ರೆ ನಿಮ್ಮ ಸ್ವಂತ ಸಾಲ, ಜಾಯಿಂಟ್ ಅಂದ್ರೆ ಇಬ್ಬರದ್ದು, ಗ್ಯಾರಂಟರ್ ಅಂದ್ರೆ ನೀವು ಜಾಮೀನು ಹಾಕಿದ್ದು. ನಮ್ಮಲ್ಲಿ ಪರಿಚಯದವರು ಬಂದು ಒಂದು ಸೈನ್ ಹಾಕಿ ಅಂದ್ರೆ ಇಲ್ಲ ಅನ್ನುದು ಕಷ್ಟ, ಸಂಬಂಧ ಕೆಡ್ತದೆ ಅಂತ ಹಾಕ್ತೇವೆ, ಆಮೇಲೆ ಮರ್ತೇ ಬಿಡ್ತೇವೆ. ಅವರು ಕಟ್ಟದಿದ್ರೆ ನಿಮ್ಮ ಸ್ಕೋರೂ ಇಳೀತದೆ. ಮಕ್ಕಳ ಎಜುಕೇಶನ್ ಲೋನೂ ಹಾಗೇ, ಅಪ್ಪ ಅಮ್ಮ ಜೊತೆಗೆ ಸೈನ್ ಹಾಕಿರ್ತಾರೆ, ಮಗಳು ಬೆಂಗ್ಳೂರಲ್ಲಿ ಕಂತು ತಪ್ಪಿಸಿದ್ರೆ ನೀರ್ಚಾಲಲ್ಲಿ ಇರುವ ಅಪ್ಪನ ರಿಪೋರ್ಟಲ್ಲಿ ಕಾಣ್ತದೆ. ಇದರಲ್ಲಿ ತಪ್ಪು ಎಂಟ್ರಿ ಏನೂ ಇಲ್ಲ, ಯಾರು ಕಟ್ಟದ್ದೋ ಅವರಿಗೆ ಫೋನ್ ಮಾಡುದೊಂದೇ ದಾರಿ. ಭಾವ ದುಬೈಗೆ ಫೋನ್ ಮಾಡಿದ್ರು, ಆ ಮನುಷ್ಯ ಒಳ್ಳೆಯವ, ಅವನಿಗೂ ಬೇಜಾರಾಗಿ ಎರಡು ದಿನದಲ್ಲಿ ಬಾಕಿ ಕಟ್ಟಿದ.

ಕೊನೇಗೆ ಎನ್‌ಕ್ವೈರಿಗಳ ಪಟ್ಟಿ. ನೀವು ಅರ್ಜಿಯೇ ಹಾಕದ ಕಂಪೆನಿಯ ಹೆಸರು ಅಲ್ಲಿದ್ರೆ ನಿಮ್ಮ ಪಾನ್ ಯಾರೋ ಬಳಸಿದ್ದಾರಾ ಅಂತ ಆ ಕಂಪೆನಿಗೆ ಕೂಡ್ಲೆ ಬರೀರಿ.

ಸ್ಕೋರ್ ಜಾಗದಲ್ಲಿ ನಂಬರ್ ಬದ್ಲು ಎನ್‌ಎಚ್ ಅಂತಲೋ ಮೈನಸ್ 1 ಅಂತಲೋ ಬಂದ್ರೆ ನಿಮಗೆ ಸಾಲದ ಚರಿತ್ರೆಯೇ ಇಲ್ಲ ಅಂತ. ಮನೆಯಲ್ಲಿರುವ ಹೆಂಗಸರದ್ದು, ಈಗ ಕಾಲೇಜ್ ಮುಗ್ಸಿದವರದ್ದು ಹೀಗೇ ಬರ್ತದೆ. ಸಾಲದ ಚರಿತ್ರೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿ ತಿರಸ್ಕಾರ ಮಾಡ್ಬಾರ್ದು ಅಂತ ರಿಸರ್ವ್ ಬ್ಯಾಂಕ್ 2025ರ ಜನವರಿಯ ನಿರ್ದೇಶನದಲ್ಲಿ ಹೇಳಿದೆ, ಬ್ಯಾಂಕಲ್ಲಿ ಕೇಳಿದ್ರೆ ಇದನ್ನು ಹೇಳಿ.

ತಪ್ಪಿದ್ರೆ ಸರಿ ಮಾಡಿಸುದು

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಸ್ಕೋರ್ ಸರಿ ಮಾಡಿ ಕೊಡ್ತೇನೆ ಐದು ಸಾವಿರ ಕೊಡಿ ಅನ್ನುವವರು ನೀವೇ ಮಾಡ್ಬಹುದಾದ್ದನ್ನೇ ಮಾಡುದು, ನಿಜವಾಗಿ ತಪ್ಪಿಸಿದ ಕಂತನ್ನು ಅಳಿಸ್ಲಿಕ್ಕೆ ಯಾರಿಂದಲೂ ಆಗುದಿಲ್ಲ.

ಯಾವ ಕಂಪೆನಿಯ ರಿಪೋರ್ಟಲ್ಲಿ ತಪ್ಪುಂಟೋ ಅದರ ಸೈಟಲ್ಲಿ ಲಾಗಿನ್ ಆಗಿ ಡಿಸ್ಪ್ಯೂಟ್ ಅಂತ ಇರುವಲ್ಲಿ ಹೋಗಿ, ಯಾವ ಅಕೌಂಟು, ಏನು ತಪ್ಪು, ಸರಿಯಾದ್ದು ಎಷ್ಟು ಅಂತ ಹಾಕಿ. ಅದೇ ದಿನ ಆ ಬ್ಯಾಂಕಿಗೋ ಫೈನಾನ್ಸ್ ಕಂಪೆನಿಗೋ ಕೂಡ ಇಮೇಲ್ ಮಾಡಿ, ಸಾಲ ತೀರಿದ ಲೆಟರಿನ ಫೋಟೋ, ಕೊನೇ ಕಂತು ಹೋದ ಸ್ಟೇಟ್‌ಮೆಂಟ್ ಹಾಕಿ. ಎರಡೂ ಕಡೆ ಯಾಕಂದ್ರೆ ಸಾಲ ಕೊಟ್ಟವರು ಹೌದು ಅನ್ನದೆ ಸಿಬಿಲಿನವರು ತಾವಾಗಿ ಒಂದಕ್ಷರ ಬದಲಿಸ್ಲಿಕ್ಕಿಲ್ಲ. ದೂರಿನ ನಂಬರ್ ಬರ್ದಿಡಿ.

ಎಲ್ಲಾ ಸೇರಿ 30 ದಿನದಲ್ಲಿ ಮುಗಿಬೇಕು, ಅದರಲ್ಲಿ ಬ್ಯಾಂಕಿಗೆ 21 ದಿನ. ತಡ ಮಾಡಿದ್ರೆ 30 ದಿನ ಆದ ಮೇಲೆ ದಿನಕ್ಕೆ 100 ರೂಪಾಯಿ ಲೆಕ್ಕದಲ್ಲಿ ನಿಮಗೆ ಪರಿಹಾರ ಕೊಡ್ಬೇಕು, 2023ರ ಅಕ್ಟೋಬರಲ್ಲಿ ರಿಸರ್ವ್ ಬ್ಯಾಂಕ್ ಈ ಆದೇಶ ಮಾಡಿದ್ದು, 2024ರ ಏಪ್ರಿಲಿನಿಂದ ಜಾರಿ. ಇಮೇಲಲ್ಲಿ ಈ ಒಂದು ಸಾಲು ಬರ್ದ್ರೆ ಕೆಲಸ ಬೇಗ ಆಗ್ತದೆ, ನಾನು ಪ್ರತಿ ಸಲ ಬರಿತೇನೆ. ಅಷ್ಟಾದ್ರೂ ಉತ್ತರ ಇಲ್ಲದಿದ್ರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಅವರ ಸಿಎಂಎಸ್ ಅನ್ನುವ ದೂರಿನ ವೆಬ್‌ಸೈಟಲ್ಲಿ ದೂರು ಹಾಕಿ, ಅದೂ ಫ್ರೀ. ರಿಸರ್ವ್ ಬ್ಯಾಂಕಿನ 14448ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೂ ಮಾತಾಡ್ಲಿಕ್ಕೆ ಆಗ್ತದೆ, ಮಲಯಾಳ ಸರಿ ಬಾರದ ನಮ್ಮ ಹಿರಿಯರಿಗೆ ಇದು ದೊಡ್ಡ ಉಪಕಾರ.

ಭಾವನದ್ದು 24 ದಿನದಲ್ಲಿ ಸರಿ ಆಯ್ತು. ಸಾಲ ಸಿಕ್ಕಿದ್ದು ಜುಲೈ ಕೊನೇಗೆ, ಆಟಿಯ ಮಳೆಯಲ್ಲಿ ಟಾರ್ಪಾಲಿನ ಕೆಳಗೆ ಪಾತ್ರೆ ಇಟ್ಟು ಕಳ್ದ ಮೇಲೆ.

ಈಗ ನಾನು ಮಾಡುದು ಹೀಗೆ. ನಾಲ್ಕು ಕಂಪೆನಿ, ನಾಲ್ಕು ಫ್ರೀ ರಿಪೋರ್ಟ್, ಎಲ್ಲಾ ಒಂದೇ ದಿನ ತೆಗಿಯುದಿಲ್ಲ. ಜನವರಿಯಲ್ಲಿ ಸಿಬಿಲ್, ಏಪ್ರಿಲಲ್ಲಿ ಎಕ್ಸ್‌ಪೀರಿಯನ್, ಜುಲೈಯಲ್ಲಿ ಈಕ್ವಿಫ್ಯಾಕ್ಸ್, ಅಕ್ಟೋಬರಲ್ಲಿ ಸಿಆರ್‌ಐಎಫ್. ಮೂರು ತಿಂಗಳಿಗೊಮ್ಮೆ ಒಂದು ನೋಡಿದ ಹಾಗೂ ಆಯ್ತು, ಹಣವೂ ಇಲ್ಲ. ಅಡುಗೆಮನೆಯ ಕ್ಯಾಲೆಂಡರಲ್ಲಿ ಗ್ಯಾಸ್ ಬುಕ್ ಮಾಡಿದ ತಾರೀಕಿನ ಪಕ್ಕ ಪೆನ್ನಲ್ಲಿ ಗುರುತು ಹಾಕಿದ್ದೇನೆ, ಅಕ್ಕನ ಮನೆಯಲ್ಲೂ ಹಾಕಿ ಕೊಟ್ಟಿದ್ದೇನೆ.